ಕೊನೆಯ ತೊಂಬತ್ತು ದಿನ

2014ರ ಅಕ್ಟೋಬರ್‌ನಲ್ಲಿ ಫ್ಲಾರಿಡಾದ ಒರ್ಲಾಂಡೊದಲ್ಲಿರುವ ವಾಲ್ಟ್ ಡಿಸ್ನಿ ವರ್ಲ್ಡ್‌ನ ಐಟಿ ವಿಭಾಗದ ಕೆಲವರಿಗೆ ಮೇಲಧಿಕಾರಿಯೊಬ್ಬರಿಂದ ಮೀಟಿಂಗ್‌ಗೆ ಕರೆ ಬಂತು. ಲಿಯೊ ಪೆರೇರೊ ಎಂಬ ಎಂಜಿನಿಯರ್ ಅವರಲ್ಲೊಬ್ಬರು. ತಮ್ಮ ಕೆಲಸದ ಬಗ್ಗೆ ಒಳ್ಳೆಯ ಮಾತನ್ನೇ ಕೇಳಿಸಿಕೊಂಡಿದ್ದ ಅವರು ಬೋನಸ್ಸೋ ಬಡ್ತಿಯೋ ಇರಬೇಕೆಂದುಕೊಂಡು ಕೋಣೆಯೊಳಗೆ ಹೋದರು. ಅಲ್ಲಿ ಅವರಂತೆಯೇ ಹಳಬರು, ಕೆಲಸ ಬಲ್ಲವರು ಕೂತಿದ್ದರು. ಅಧಿಕಾರಿ ಹೇಳಿದ್ದರ ಸಾರ ಇಷ್ಟು: ಇಲ್ಲಿರುವ ಎಲ್ಲರ ಕೆಲಸವೂ ಇನ್ನು ತೊಂಬತ್ತು ದಿನಕ್ಕೆ ಮುಗಿಯುತ್ತದೆ, ಅದು ಹೊರಗಿನವರಿಗೆ ಹೋಗುತ್ತಿದೆ, ಬರುವವರಿಗೆ ಕಲಿಸಿಕೊಟ್ಟು ಹೋಗಬೇಕು, ಸಹಕರಿಸದಿದ್ದರೆ ಪರಿಹಾರದ ಹಣ ಇಲ್ಲ.

ಒಟ್ಟು ಸುಮಾರು 250 ಮಂದಿಗೆ ಹೀಗೆ ನೋಟಿಸ್ ಹೋಯಿತು. ಕೊನೆಯ ದಿನ 2015ರ ಜನವರಿ 30. ಅಲ್ಲಿಯವರೆಗೆ ಇದ್ದು ಕಲಿಸಿದವರಿಗೆ ವರ್ಷದ ಸಂಬಳದ ಶೇಕಡಾ 10ರಷ್ಟು ಬೋನಸ್. ಎಚ್‌ಸಿಎಲ್ ಕಂಪನಿಯ ಮೂಲಕ ಬಂದ ಹೊಸಬರು ಮೊದಲ ತಿಂಗಳು ಪಕ್ಕದಲ್ಲಿ ಕೂತು ಎಲ್ಲವನ್ನೂ ಬರೆದುಕೊಂಡರು. ಎರಡನೆಯ ತಿಂಗಳು ಹಳಬರ ಜೊತೆ ಸೇರಿ ಮಾಡಿದರು. ಮೂರನೆಯ ತಿಂಗಳು ಹೊಸಬರು ಮಾಡಿದರು, ಹಳಬರು ನೋಡುತ್ತ ಕೂತರು. ಇಂಥ ಸಾಮೂಹಿಕ ವಜಾಕ್ಕೆ ಅಮೆರಿಕದ 1988ರ ಕಾನೂನು ಕೇಳುವುದು 60 ದಿನದ ಮುನ್ಸೂಚನೆಯನ್ನು ಮಾತ್ರ. ಮಿಕ್ಕ ಮೂವತ್ತು ದಿನ ಕಂಪನಿಯ ಔದಾರ್ಯವೆಂದು ನಾನು ನಂಬುವುದಿಲ್ಲ. ಕಲಿಸುವ ಕೆಲಸಕ್ಕೆ ಅಷ್ಟು ದಿನ ಬೇಕಿತ್ತು.

ಅದೇ ಹೊತ್ತಿಗೆ ಕ್ಯಾಲಿಫೋರ್ನಿಯಾದ ವಿದ್ಯುತ್ ಕಂಪನಿ ಸದರ್ನ್ ಕ್ಯಾಲಿಫೋರ್ನಿಯಾ ಎಡಿಸನ್ ತನ್ನ ಐಟಿ ವಿಭಾಗದ ಸುಮಾರು 400 ಮಂದಿಯನ್ನು ಕೈಬಿಟ್ಟು ಆ ಕೆಲಸವನ್ನು ಟಿಸಿಎಸ್ ಮತ್ತು ಇನ್ಫೊಸಿಸ್‌ಗೆ ಕೊಡುತ್ತಿತ್ತು. ಎರಡು ವರ್ಷದ ನಂತರ ಸ್ಯಾನ್ ಫ್ರಾನ್ಸಿಸ್ಕೊದಲ್ಲಿರುವ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ವೈದ್ಯಕೀಯ ಸಂಸ್ಥೆಯ ಸರದಿ. ಐದು ವರ್ಷಕ್ಕೆ 5 ಕೋಟಿ ಡಾಲರ್‌ನ ಒಪ್ಪಂದ ಎಚ್‌ಸಿಎಲ್ ಜೊತೆ ಆಯಿತು. 2017ರ ಫೆಬ್ರುವರಿ 28ರಂದು ಕಾಯಂ ನೌಕರರೇ 49 ಮಂದಿ ಮನೆಗೆ ಹೋದರು. ಇಲ್ಲೂ ಹೋಗುವ ಮುನ್ನ ಕಲಿಸಿದರು.

ಈ ಪ್ರಕರಣಗಳ ಬಗ್ಗೆ ಅಲ್ಲಿನ ಪತ್ರಿಕೆಗಳು ಬರೆದದ್ದೆಲ್ಲ ಹೆಚ್ಚಾಗಿ ವೀಸಾ ಕುರಿತು, ರಾಜಕೀಯ ಕುರಿತು. ನನ್ನ ಕುತೂಹಲ ಬೇರೆ. ಆ ತೊಂಬತ್ತು ದಿನ ಒಬ್ಬ ಮನುಷ್ಯ ಬೆಳಿಗ್ಗೆ ಎದ್ದು, ಬ್ಯಾಡ್ಜ್ ಹಾಕಿಕೊಂಡು, ತನ್ನ ಅನ್ನ ಕಸಿಯುವವನ ಪಕ್ಕ ಕೂತು, ಅವನಿಗೆ ಅರ್ಥವಾಗುವಂತೆ ಹೇಳಿಕೊಡುವುದು ಹೇಗೆ? ಯಾಕಾದರೂ ಹೇಳಿಕೊಡಬೇಕು? ಯಾರಿಗೆ ಅವನು ಏನನ್ನು ಕೊಡಬೇಕಾದವನು? ಕನ್ನಡದ ಓದುಗರಿಗೆ ಇದು ದೂರದ ಸಂಗತಿಯಲ್ಲ. ಆ ಪಕ್ಕದ ಕುರ್ಚಿಯಲ್ಲಿ, ಅಥವಾ ಫೋನಿನ ಇನ್ನೊಂದು ತುದಿಯಲ್ಲಿ, ಎಷ್ಟೋ ಸಲ ನಮ್ಮ ಮನೆಯ ಹುಡುಗ ಹುಡುಗಿಯರೇ ಇದ್ದರು. ಈಗೀಗ ಕಲಿಸಿಕೊಟ್ಟು ಏಳಬೇಕಾದ ಕುರ್ಚಿಯಲ್ಲೂ ಅವರೇ ಇದ್ದಾರೆ.

ಬೆಂಗಳೂರಿನ ಐಟಿ ಕಚೇರಿಗಳಲ್ಲಿ ಇದಕ್ಕೆ ಕೆಟಿ ಎನ್ನುತ್ತಾರೆ. ನಾಲೆಜ್ ಟ್ರಾನ್ಸ್‌ಫರ್. ಕೆಟಿ ಕೊಡುತ್ತಾರೆ, ತಗೊಳ್ಳುತ್ತಾರೆ. ಅದಕ್ಕೊಂದು ಎಕ್ಸೆಲ್ ಪಟ್ಟಿ ಇರುತ್ತದೆ: ಯಾವ ಅಪ್ಲಿಕೇಶನ್, ಎಷ್ಟು ಸೆಶನ್, ಯಾರು ಕೊಟ್ಟರು, ಯಾರು ತಗೊಂಡರು, ಸೈನ್ ಆಫ್ ಆಯಿತೋ ಇಲ್ಲವೋ. ಸೆಶನ್‌ಗಳನ್ನು ರೆಕಾರ್ಡ್ ಮಾಡಿಕೊಳ್ಳುತ್ತಾರೆ. ಮೊದಲು ಶ್ಯಾಡೊ, ಅಂದರೆ ಹೊಸಬ ನೋಡುವುದು. ಆಮೇಲೆ ರಿವರ್ಸ್ ಶ್ಯಾಡೊ, ಅಂದರೆ ಅವನು ಮಾಡುವುದನ್ನು ಹಳಬ ನೋಡುವುದು. ಡಿಸ್ನಿಯಲ್ಲಿ ನಡೆದದ್ದೂ ಇದೇ. ಕಾಗದದ ಮೇಲೆ ಎಲ್ಲವೂ ಹಸಿರು ಬಣ್ಣಕ್ಕೆ ತಿರುಗಿದ ದಿನ ಕೆಟಿ ಮುಗಿಯಿತೆಂದು ಲೆಕ್ಕ.

ಆದರೆ ಆ ಪಟ್ಟಿಯಲ್ಲಿ ಹಿಡಿಯದ ವಿದ್ಯೆಯೇ ಹೆಚ್ಚು. ಕೋಡಿನಲ್ಲಿ ಅರ್ಥವಿಲ್ಲದಂತೆ ಕಾಣುವ ಒಂದು ಸಾಲು ಇದೆ. ಹಿಂದೆ ಯಾವುದೋ ಆಡಿಟ್‌ನವರು ಕೇಳಿದ್ದಕ್ಕೆ ಸೇರಿಸಿದ್ದು, ತೆಗೆದರೆ ವರ್ಷದ ಕೊನೆಯ ಲೆಕ್ಕ ತಪ್ಪುತ್ತದೆ. ತಿಂಗಳ ಕೊನೆಯ ದಿನ ಭಾನುವಾರ ಬಂದರೆ ರಾತ್ರಿಯ ಜಾಬ್ ನಿಂತುಬಿಡುತ್ತದೆ, ಕೈಯಾರೆ ಒಮ್ಮೆ ಓಡಿಸಬೇಕು. ಇಂಥ ಗ್ರಾಹಕರು ಸಿಟ್ಟಿನ ಇಮೇಲ್ ಕಳಿಸಿದರೆ ಉತ್ತರ ಬರೆಯಬಾರದು, ಫೋನ್ ಮಾಡಬೇಕು. ಇದನ್ನೆಲ್ಲ ಯಾರೂ ಬರೆದಿಟ್ಟಿರುವುದಿಲ್ಲ. ಬರೆದಿಡಬೇಕಾದಷ್ಟು ದೊಡ್ಡ ಸಂಗತಿಯೆಂದು ಅದನ್ನು ಬಲ್ಲವನಿಗೇ ಅನ್ನಿಸಿರುವುದಿಲ್ಲ.

ನಮ್ಮ ನಾಡು ಇಂಥದೊಂದು ಹಸ್ತಾಂತರವನ್ನು ಕಂಪ್ಯೂಟರ್ ಬರುವ ಮೊದಲೇ ಕಂಡಿದೆ. ಶಾನುಭೋಗ, ಪಟೇಲರಂಥ ವಂಶಪಾರಂಪರ್ಯದ ಗ್ರಾಮ ಹುದ್ದೆಗಳನ್ನು ತೆಗೆದುಹಾಕುವ 1961ರ ಕಾಯ್ದೆ 1963ರ ಫೆಬ್ರುವರಿ 1ರಂದು ಜಾರಿಗೆ ಬಂತು. ತಲೆಮಾರುಗಳಿಂದ ಊರಿನ ಲೆಕ್ಕ ಬರೆದ ಮನೆಯವರು ಕಡತದ ಗಂಟುಗಳನ್ನು ಸರ್ಕಾರ ನೇಮಿಸಿದ ಗ್ರಾಮ ಲೆಕ್ಕಿಗರಿಗೆ ಒಪ್ಪಿಸಬೇಕಾಯಿತು. ಆ ಕಾಯ್ದೆ ನ್ಯಾಯವಾದದ್ದೇ. ಹುಟ್ಟಿನಿಂದ ಬರುವ ಅಧಿಕಾರ ಹೋಗಬೇಕಿತ್ತು. ಕಂಪನಿಯ ಲಾಭಕ್ಕೆ ಕೆಲಸ ಹೋಗುವುದಕ್ಕೂ ಅದಕ್ಕೂ ಹೋಲಿಕೆ ಇಲ್ಲ. ಆದರೆ ಒಪ್ಪಿಸುವವನ ಕೈಯಲ್ಲಿ ಎರಡು ಬಗೆಯ ಗಂಟು ಇರುತ್ತದೆ ಎಂಬುದು ಎರಡೂ ಕಡೆ ಒಂದೇ. ಬಟ್ಟೆಯಲ್ಲಿ ಕಟ್ಟಿದ ಕಡತವನ್ನು ಕಾನೂನು ಕಿತ್ತುಕೊಳ್ಳಬಲ್ಲದು. ಯಾವ ಹೊಲದ ಬದು ಯಾವ ಹುಣಸೆಮರದವರೆಗೆ ಎಂಬ ನೆನಪನ್ನು ಅವನಾಗಿ ಕೊಟ್ಟರಷ್ಟೇ ಉಂಟು.

ತೊಂಬತ್ತು ದಿನದ ಪ್ರಶ್ನೆಯೆಲ್ಲ ಈ ಎರಡನೆಯ ಗಂಟಿನದು. ಪಟ್ಟಿಯಲ್ಲಿರುವುದನ್ನು ಕೊಡದಿದ್ದರೆ ಕಂಪನಿ ಹಿಡಿಯುತ್ತದೆ. ತಲೆಯಲ್ಲಿರುವುದನ್ನು ಕೊಡದಿದ್ದರೆ ಯಾರಿಗೂ ಗೊತ್ತಾಗುವುದಿಲ್ಲ, ಮುಂದೆಂದೋ ಒಂದು ರಾತ್ರಿ ಸಿಸ್ಟಮ್ ಬೀಳುವವರೆಗೆ.

ಕೊಡಬೇಕು ಎಂಬುದು ನನ್ನ ಅಭಿಪ್ರಾಯ. ಕಂಪನಿಯ ಮೇಲಿನ ನಿಷ್ಠೆಗಾಗಿ ಅಲ್ಲ. ಆ ನಿಷ್ಠೆಯ ಕರಾರನ್ನು ಮೊದಲು ಮುರಿದದ್ದು ಕಂಪನಿ; ಅದನ್ನು ನೌಕರ ಒಬ್ಬನೇ ಹೊತ್ತು ತಿರುಗಬೇಕಾಗಿಲ್ಲ. ಆದರೆ ಆ ವೈದ್ಯಕೀಯ ಸಂಸ್ಥೆಯ ಕಂಪ್ಯೂಟರ್ ನಿಂತರೆ ತೊಂದರೆ ಒಪ್ಪಂದಕ್ಕೆ ಸಹಿ ಹಾಕಿದವರಿಗಲ್ಲ, ಹಾಸಿಗೆಯಲ್ಲಿ ಮಲಗಿರುವ ರೋಗಿಗೆ. ಎಡಿಸನ್‌ನ ಸಿಸ್ಟಮ್ ಕೆಟ್ಟರೆ ಕತ್ತಲಾಗುವುದು ಯಾರದೋ ಅಡುಗೆಮನೆ. ಡಿಸ್ನಿಯ ಟಿಕೆಟ್ ವ್ಯವಸ್ಥೆ ಒಂದು ಗಂಟೆ ನಿಂತರೆ ಮಕ್ಕಳು ಸಾಲಿನಲ್ಲಿ ಅಳುತ್ತಾರೆ, ಅಷ್ಟೇ ತಾನೇ ಎನ್ನಬಹುದು. ಹೌದು, ಎಲ್ಲ ಕೆಲಸದ ತೂಕವೂ ಒಂದೇ ಅಲ್ಲ. ತೂಕಕ್ಕೆ ತಕ್ಕಂತೆ ಕರ್ತವ್ಯವೂ ಹೆಚ್ಚು ಕಡಿಮೆಯಾಗುತ್ತದೆ. ಸಂಬಳದ ಗಂಟೆಯೊಳಗೆ, ಕೇಳಿದ್ದಕ್ಕೆ ಸರಿಯಾಗಿ, ಕೇಳದಿದ್ದರೂ ಅಪಾಯವಿರುವ ಕಡೆ ಎಚ್ಚರಿಸಿ ಹೇಳಿಕೊಟ್ಟರೆ ಸಾಕು. ವಾರಾಂತ್ಯದಲ್ಲಿ ಮನೆಯಲ್ಲಿ ಕೂತು ನೂರು ಪುಟದ ದಾಖಲೆ ಬರೆದುಕೊಡುವ ಹುಮ್ಮಸ್ಸು ಯಾರಿಗೂ ಬೇಡ. ಅದು ಕರ್ತವ್ಯವಲ್ಲ, ಹಳೆಯ ಅಭ್ಯಾಸ.

ಪಕ್ಕದಲ್ಲಿ ಕೂತವನ ಋಣವೂ ಇದೆ.

ಅವನು ಎಂಥವನೆಂದು ನಮಗೆ ಗೊತ್ತು. ದಾವಣಗೆರೆಯಲ್ಲೋ ಹಾಸನದಲ್ಲೋ ಎಂಜಿನಿಯರಿಂಗ್ ಮುಗಿಸಿ ಬಂದವನು. ಮ್ಯಾನೇಜರ್ ಅವನಿಗೆ ‘ಹೊಸ ಪ್ರಾಜೆಕ್ಟು, ಕೆಟಿ ತಗೋಬೇಕು’ ಎಂದಿರುತ್ತಾರೆ. ಎದುರಿಗಿರುವವರ ಕೆಲಸ ಹೋಗುತ್ತಿದೆ ಎಂದು ಹೇಳಿರುವುದಿಲ್ಲ. ಮೂರನೆಯ ಸೆಶನ್ನಿನಲ್ಲಿ ಏನೋ ಕೇಳಿದಾಗ ಆ ಕಡೆಯಿಂದ ‘ಮಾರ್ಚ್ ನಂತರ ನಾನಿರುವುದಿಲ್ಲ, ಬರೆದುಕೊಂಡುಬಿಡು’ ಎಂಬ ಉತ್ತರ ಬಂದಾಗ ಅವನಿಗೆ ಹೊಳೆಯುತ್ತದೆ. ಆಮೇಲೆ ಏನು ಮಾತಾಡಬೇಕೆಂದು ತೋಚುವುದಿಲ್ಲ. ನಿರ್ಧಾರ ಅವನದಲ್ಲ, ಅದರ ಲಾಭದಲ್ಲೂ ಅವನ ಪಾಲು ಸಣ್ಣದು. ಅವನ ಮೇಲೆ ಸಿಟ್ಟು ತೀರಿಸಿಕೊಳ್ಳುವುದು ಬಹಳ ಸುಲಭ, ಯಾಕೆಂದರೆ ಕೈಗೆ ಸಿಗುವವನು ಅವನೊಬ್ಬನೇ. ಸಹಿ ಹಾಕಿದವರು ಬೇರೆ ಮಹಡಿಯಲ್ಲಿರುತ್ತಾರೆ.

ತಗೊಳ್ಳುವವನಿಗೂ ಒಂದು ಮರ್ಯಾದೆಯ ಪಾಠ ಬೇಕು, ನಮ್ಮ ಕಂಪನಿಗಳ ಇಂಡಕ್ಷನ್‌ನಲ್ಲಿ ಅದನ್ನು ಹೇಳಿಕೊಡುವುದನ್ನು ನಾನು ಕಂಡಿಲ್ಲ. ಮುಂದಿರುವವರು ಹದಿನೈದು ವರ್ಷ ಕಟ್ಟಿದ್ದನ್ನು ‘ಹಳೇ ಕೋಡು, ಹೊಸದಾಗಿ ಬರೆದರೆ ಮೂರು ವಾರ ಸಾಕು’ ಎನ್ನಬಾರದು. ಎಲ್ಲ ಅರ್ಥವಾಯಿತೆಂದು ಸುಳ್ಳು ಸೈನ್ ಆಫ್ ಹಾಕಬಾರದು. ಹಾಕಿದರೆ ಆಮೇಲೆ ನಡುರಾತ್ರಿ ಎದ್ದು ಕೂರುವವನು ತಾನೇ. ಹೋಗುವವರು ಯಾವಾಗ ಹೋಗುತ್ತಾರೆ, ಎಷ್ಟು ಹಣ ಸಿಗುತ್ತದೆ ಎಂದು ಕೆದಕಬಾರದು. ಕೊನೆಯಲ್ಲಿ ಒಂದು ಥ್ಯಾಂಕ್ಸ್ ಮೇಲ್, ಅವರ ಮ್ಯಾನೇಜರ್‌ಗೂ ಪ್ರತಿ ಹಾಕಿ, ಏನೇನು ಕಲಿಸಿದರೆಂದು ಬರೆದು ಕಳಿಸಬೇಕು. ಮುಂದಿನ ಕೆಲಸ ಹುಡುಕುವಾಗ ಆ ಮೇಲ್ ಅವರ ಉಪಯೋಗಕ್ಕೆ ಬರಬಹುದು.

ಪಾಸ್‌ವರ್ಡ್ ಹಿಡಿದು ಕೂತವನು

ತಲೆಯಲ್ಲಿರುವುದನ್ನು ಕೊಡಲೊಲ್ಲದವನ ಕಥೆಗಳಲ್ಲಿ ನನ್ನನ್ನು ಹೆಚ್ಚು ಕಾಡಿದ್ದು ಟೆರಿ ಚೈಲ್ಡ್ಸ್‌ದು. ಅದು ಹೊರಗುತ್ತಿಗೆಯ ಪ್ರಕರಣವಲ್ಲ. ಆದರೂ ಕೆಲಸ ಕೈತಪ್ಪಿ ಹೋಗುವ ಭಯದಲ್ಲಿ ಒಬ್ಬ ಸಮರ್ಥ ಮನುಷ್ಯ ಎಲ್ಲಿ ಜಾರುತ್ತಾನೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ನನಗೆ ಸಿಕ್ಕಿಲ್ಲ.

ಚೈಲ್ಡ್ಸ್ ಸ್ಯಾನ್ ಫ್ರಾನ್ಸಿಸ್ಕೊ ನಗರಾಡಳಿತದ ನೆಟ್‌ವರ್ಕ್ ಎಂಜಿನಿಯರ್. ನಗರದ ದತ್ತಾಂಶದ ಬಹುಪಾಲು ಹರಿಯುತ್ತಿದ್ದ ಫೈಬರ್‌ವ್ಯಾನ್ ಎಂಬ ಜಾಲವನ್ನು ನೋಡಿಕೊಳ್ಳುತ್ತಿದ್ದವರು ಅವರು. ಅದರ ಮೂಲ ಪಾಸ್‌ವರ್ಡ್‌ಗಳು ಗೊತ್ತಿದ್ದದ್ದು ಅವರೊಬ್ಬರಿಗೇ. 2008ರ ಜುಲೈನಲ್ಲಿ ಮೇಲಿನವರು ಅವರನ್ನು ಬೇರೆಡೆಗೆ ಹಾಕಲು ಹೊರಟು ಪಾಸ್‌ವರ್ಡ್ ಕೇಳಿದರು. ಕೊಡಲಿಲ್ಲ. ಕೇಳುತ್ತಿರುವವರಿಗೆ ಆ ಯೋಗ್ಯತೆ ಇಲ್ಲ, ಕೊಟ್ಟರೆ ಜಾಲವನ್ನು ಹಾಳುಮಾಡುತ್ತಾರೆ ಎಂಬುದು ಅವರ ವಾದ. ಪೊಲೀಸರು ಬಂಧಿಸಿದರು. ಒಂದು ವಾರಕ್ಕೂ ಹೆಚ್ಚು ಕಾಲ ಜೈಲಿನಲ್ಲಿದ್ದು, ಕೊನೆಗೆ ಮೇಯರ್ ಗ್ಯಾವಿನ್ ನ್ಯೂಸಮ್ ಖುದ್ದಾಗಿ ಸೆರೆಮನೆಗೆ ಬಂದಾಗ ಅವರೊಬ್ಬರಿಗೆ ಮಾತ್ರ ಪಾಸ್‌ವರ್ಡ್ ಹೇಳಿದರು. 2010ರಲ್ಲಿ ತಪ್ಪಿತಸ್ಥರೆಂದು ತೀರ್ಪಾಗಿ ನಾಲ್ಕು ವರ್ಷದ ಶಿಕ್ಷೆಯಾಯಿತು.

ಗಮನಿಸಬೇಕಾದದ್ದು, ಇಷ್ಟು ದಿನವೂ ನಗರದ ಜಾಲ ಚೆನ್ನಾಗಿಯೇ ನಡೆಯುತ್ತಿತ್ತು. ಚೈಲ್ಡ್ಸ್ ಏನನ್ನೂ ಕೆಡಿಸಲಿಲ್ಲ. ಅವರ ಕೆಲಸದಲ್ಲಿ ಊನ ಹುಡುಕುವುದು ಕಷ್ಟ. ತನ್ನ ಕೈಯಿಂದ ಬೆಳೆದದ್ದರ ಮೇಲಿನ ಮಮತೆ ಅವರಲ್ಲಿ ಒಡೆತನವಾಗಿಬಿಟ್ಟಿತ್ತು. ಒಳ್ಳೆಯ ಕೆಲಸಗಾರನಿಗೇ ಈ ಅಪಾಯ ಹೆಚ್ಚು. ಸೋಮಾರಿಗೆ ಯಾವ ಸರ್ವರ್ ಮೇಲೂ ಇಷ್ಟು ಪ್ರೀತಿ ಇರುವುದಿಲ್ಲ. ಅದೇ ಉಸಿರಿನಲ್ಲಿ ಇನ್ನೊಂದು ಮಾತೂ ಹೇಳಬೇಕು. ಇಡೀ ನಗರದ ಕೀಲಿಕೈ ಒಬ್ಬನ ಸೊಂಟದಲ್ಲಿ ಇರಲು ಬಿಟ್ಟ ಆಡಳಿತಕ್ಕೆ ಯಾವ ನ್ಯಾಯಾಲಯವೂ ಶಿಕ್ಷೆ ಕೊಡಲಿಲ್ಲ.

ಬೇಕೆಂದೇ ಕೆಡಿಸಲು ಹೊರಟವರ ಕಥೆ ಇಷ್ಟು ತೊಡಕಿನದಲ್ಲ. ಅದೇ 2008ರ ಅಕ್ಟೋಬರ್‌ನಲ್ಲಿ ಅಮೆರಿಕದ ಗೃಹಸಾಲ ಸಂಸ್ಥೆ ಫ್ಯಾನಿ ಮೇ ಭಾರತೀಯ ಮೂಲದ ಗುತ್ತಿಗೆ ಎಂಜಿನಿಯರ್ ಒಬ್ಬನನ್ನು ಕೆಲಸದಿಂದ ತೆಗೆಯಿತು. ಸಂಜೆಯವರೆಗೂ ಅವನ ಲಾಗಿನ್ ತೆರೆದೇ ಇತ್ತು. ಮುಂದಿನ ಜನವರಿ 31ರಂದು ಸುಮಾರು 4,000 ಸರ್ವರ್‌ಗಳನ್ನು ಅಳಿಸಿಹಾಕುವ ಸ್ಕ್ರಿಪ್ಟ್ ಒಂದನ್ನು ಅವನು ಅಡಗಿಸಿಟ್ಟು ಹೋದ. ಇನ್ನೊಬ್ಬ ಎಂಜಿನಿಯರ್ ಕಣ್ಣಿಗೆ ಅದು ಸಮಯಕ್ಕೆ ಬಿದ್ದದ್ದರಿಂದ ಅನಾಹುತ ತಪ್ಪಿತು. ಅಡಗಿಸಿದವನಿಗೆ 41 ತಿಂಗಳ ಜೈಲಾಯಿತು. ಇಂದು ಹೆಚ್ಚಿನ ಕಂಪನಿಗಳು ನೋಟಿಸ್ ಕೊಡುವ ಗಳಿಗೆಯಲ್ಲೇ ಲಾಗಿನ್ ಮುಚ್ಚಿ, ಸೆಕ್ಯೂರಿಟಿಯವರನ್ನು ಪಕ್ಕದಲ್ಲಿ ನಿಲ್ಲಿಸಿ ಹೊರಗೆ ಕಳಿಸುವುದರ ಹಿಂದೆ ಇಂಥ ಭಯವಿದೆ. ಒಬ್ಬನ ಕಿಡಿಗೇಡಿತನಕ್ಕೆ ಸಾವಿರ ಜನ ಅವಮಾನ ಪಡುತ್ತಾರೆ.

ಮಾತಾಡಿದವರು

ಕಂಪನಿಗಳು ಇಂಥ ಹೊತ್ತಿನಲ್ಲಿ ‘ದಯವಿಟ್ಟು ವೃತ್ತಿಪರರಾಗಿ ವರ್ತಿಸಿ’ ಎಂದು ಮೇಲ್ ಕಳಿಸುತ್ತವೆ. ಆ ಮೇಲ್ ಕೇಳುವುದು ಸಾಮಾನ್ಯವಾಗಿ ಒಂದನ್ನೇ: ಸುಮ್ಮನಿರಿ. ಪರಿಹಾರದ ಪತ್ರದಲ್ಲಿ ಅದನ್ನೇ ಕಾನೂನಿನ ಭಾಷೆಯಲ್ಲಿ ಬರೆದಿರುತ್ತಾರೆ. ಕಂಪನಿಯ ಬಗ್ಗೆ ಹಗುರವಾಗಿ ಮಾತಾಡುವುದಿಲ್ಲ, ಮೊಕದ್ದಮೆ ಹೂಡುವುದಿಲ್ಲ ಎಂದು ಸಹಿ ಹಾಕಿದರಷ್ಟೇ ಹಣ. ಅಮೆರಿಕದಲ್ಲಿ ಹೀಗೆ ಕೆಲಸ ಕಳೆದುಕೊಂಡ ಅನೇಕರು ಹೆಸರು ಹೇಳದೆಯೇ ಪತ್ರಕರ್ತರ ಬಳಿ ಮಾತಾಡಿದ್ದಕ್ಕೆ ಇದೂ ಒಂದು ಕಾರಣ.

ಲಿಯೊ ಪೆರೇರೊ ಹೆಸರು ಹೇಳಿಯೇ ಮಾತಾಡಿದರು. 2016ರ ಫೆಬ್ರುವರಿ 25ರಂದು ಸೆನೆಟ್‌ನ ಉಪಸಮಿತಿಯ ಮುಂದೆ ಕೂತು, ಕಣ್ಣೀರು ತಡೆಯಲಾಗದೆ, ಆ ಮೀಟಿಂಗ್ ಕೋಣೆಯಲ್ಲಿ ನಡೆದದ್ದನ್ನೂ ಆಮೇಲೆ ಕಲಿಸಿದ್ದನ್ನೂ ಹೇಳಿದರು. ಅವರು ಮತ್ತು ಅವರ ಸಹೋದ್ಯೋಗಿಯೊಬ್ಬರು ಮೊಕದ್ದಮೆಯನ್ನೂ ಹೂಡಿದ್ದರು. ಅದೇ ವರ್ಷ ನ್ಯಾಯಾಲಯ ಅದನ್ನು ವಜಾ ಮಾಡಿತು. ಸೋತರೆನ್ನಬಹುದು. ನನಗೆ ಮುಖ್ಯವಾಗಿ ಕಾಣುವುದು ಬೇರೆ: ಕಲಿಸುವ ಕೆಲಸವನ್ನು ಮುಗಿಸಿ, ಆಮೇಲೆ ಸಾಕ್ಷಿ ಹೇಳಲು ಹೋದರು. ಒಂದನ್ನು ಮಾಡಿದ್ದರಿಂದ ಇನ್ನೊಂದನ್ನು ಮಾಡಬಾರದೆಂದು ಅವರಿಗೆ ಅನ್ನಿಸಲಿಲ್ಲ. ಸಿಸ್ಟಮ್‌ಗೆ ಕೈ ಹಾಕದೆ ಬಾಯಿ ತೆರೆದರು. ಚೈಲ್ಡ್ಸ್ ಮಾಡಿದ್ದು ಇದಕ್ಕೆ ತೀರ ವಿರುದ್ಧ.

ಕಾನೂನು ಏಕೆ ಅವರ ಕೈಹಿಡಿಯಲಿಲ್ಲ? ಎಚ್-1ಬಿ ಎಂಬ ತಾತ್ಕಾಲಿಕ ಕೆಲಸದ ವೀಸಾದವರನ್ನೇ ಹೆಚ್ಚಾಗಿ ನೆಚ್ಚಿಕೊಂಡ ಕಂಪನಿಗಳು, ತಾವು ಅಮೆರಿಕದ ನೌಕರರನ್ನು ಸ್ಥಳಾಂತರಿಸುತ್ತಿಲ್ಲ ಎಂದು ಬರೆದುಕೊಡಬೇಕೆಂಬ ನಿಯಮ 1998ರಿಂದ ಇದೆ. ಆದರೆ ಬರುವವರಿಗೆ ವರ್ಷಕ್ಕೆ 60,000 ಡಾಲರ್ ಸಂಬಳ ಕೊಟ್ಟರೆ, ಅಥವಾ ಅವರು ಸ್ನಾತಕೋತ್ತರ ಪದವೀಧರರಾಗಿದ್ದರೆ ಈ ಮಾತು ಕೊಡಬೇಕಿಲ್ಲ. 1998ರಲ್ಲಿ ಅರುವತ್ತು ಸಾವಿರ ದೊಡ್ಡ ಮೊತ್ತವಾಗಿತ್ತು. ಮುಂದೆ ಎಲ್ಲರ ಸಂಬಳ ಏರಿತು, ಆ ಅಂಕಿ ಏರಲಿಲ್ಲ. ಹೀಗಾಗಿ ಬಹುತೇಕ ನಡೆದದ್ದೆಲ್ಲ ಕಾನೂನಿನ ಒಳಗೇ ನಡೆಯಿತು.

ಮಾತಾಡಿದ್ದರಿಂದ ಏನಾದರೂ ಆದ ಉದಾಹರಣೆಗಳೂ ಇವೆ. 2013ರ ಏಪ್ರಿಲ್‌ನಲ್ಲಿ ರಾಯಲ್ ಬ್ಯಾಂಕ್ ಆಫ್ ಕೆನಡಾದ ಟೊರಾಂಟೊ ಕಚೇರಿಯ ಸುಮಾರು 45 ಮಂದಿಯ ಕೆಲಸ ಐಗೇಟ್ ಕಂಪನಿಗೆ ಹೋಗಲಿದೆಯೆಂದೂ, ಬರುವವರಿಗೆ ಅವರೇ ಕಲಿಸುತ್ತಿದ್ದಾರೆಂದೂ ಒಬ್ಬ ನೌಕರ ಸುದ್ದಿಸಂಸ್ಥೆಗೆ ತಿಳಿಸಿದರು. ಬೆಂಗಳೂರಿನ ವೈಟ್‌ಫೀಲ್ಡ್ ಕಡೆ ಓಡಾಡಿದವರಿಗೆ ಐಗೇಟ್ ಹೆಸರು ಪರಿಚಿತ. 2015ರಲ್ಲಿ ಅದನ್ನು ಕ್ಯಾಪ್‌ಜೆಮಿನಿ ಕೊಂಡಿತು. ಕೆನಡಾದಲ್ಲಿ ಗದ್ದಲವೆದ್ದು, ಬ್ಯಾಂಕಿನ ಮುಖ್ಯಸ್ಥ ಗಾರ್ಡ್ ನಿಕ್ಸನ್ ಬಹಿರಂಗ ಪತ್ರ ಬರೆದು ಕ್ಷಮೆ ಕೇಳಿದರು, ಆ ನೌಕರರಿಗೆ ಬ್ಯಾಂಕಿನಲ್ಲೇ ಸಮನಾದ ಕೆಲಸ ಕೊಡುವುದಾಗಿ ಹೇಳಿದರು. ತಿಂಗಳು ಮುಗಿಯುವುದರೊಳಗೆ ಸರ್ಕಾರ ವಿದೇಶಿ ತಾತ್ಕಾಲಿಕ ನೌಕರರ ನಿಯಮವನ್ನು ಬಿಗಿ ಮಾಡಿತು. 2020ರ ಆಗಸ್ಟ್‌ನಲ್ಲಿ ಅಮೆರಿಕದ ಸರ್ಕಾರಿ ಸಂಸ್ಥೆ ಟೆನೆಸೀ ವ್ಯಾಲಿ ಅಥಾರಿಟಿಯಲ್ಲೂ ಹೀಗೇ ಆಯಿತು. ಐಟಿ ಕೆಲಸವನ್ನು ಹೊರಗೆ ಕೊಡುವುದರ ವಿರುದ್ಧ ನೌಕರರ ಸಂಘ ದನಿ ಎತ್ತಿತ್ತು. ಅಧ್ಯಕ್ಷ ಟ್ರಂಪ್ ಮಂಡಳಿಯ ಮುಖ್ಯಸ್ಥರನ್ನೇ ಕಿತ್ತುಹಾಕಿದರು. ವಾರದೊಳಗೆ ಸಂಸ್ಥೆ ನಿರ್ಧಾರದಿಂದ ಹಿಂದೆ ಸರಿಯಿತು. ಚುನಾವಣೆಯ ವರ್ಷವಾಗಿತ್ತು ಎಂಬುದನ್ನು ಮರೆಯಬಾರದು. ಎಲ್ಲರ ಕೆಲಸವೂ ಚುನಾವಣೆಯ ವರ್ಷದಲ್ಲೇ ಹೋಗುವುದಿಲ್ಲ.

ಈ ಸಿಟ್ಟು ಎಷ್ಟೋ ಸಲ ತಪ್ಪು ದಿಕ್ಕಿಗೂ ಹೊರಳಿತು. ಬೆಂಗಳೂರು ಎಂಬ ಹೆಸರನ್ನೇ ಬೈಗುಳದಂತೆ ಬಳಸಿದ ಕಾಲವೊಂದು ಅಲ್ಲಿತ್ತು. ನಿಯಮವನ್ನು ಪ್ರಶ್ನಿಸುವುದಕ್ಕೂ ಪಕ್ಕದಲ್ಲಿ ಕೂತವನ ಬಣ್ಣವನ್ನು ದ್ವೇಷಿಸುವುದಕ್ಕೂ ಅಂತರ ಬಹಳ. ಆ ಗೆರೆ ದಾಟಿದ ಮೇಲೆ ಎಷ್ಟು ನ್ಯಾಯವಾದ ದೂರಾದರೂ ಕೇಳುವವರಿಗೆ ಬೇರೆಯೇ ಆಗಿ ಕೇಳಿಸುತ್ತದೆ.

ಕುರ್ಚಿಯ ಈ ಬದಿ

ಟೆಕ್ಸಸ್ ಇನ್‌ಸ್ಟ್ರುಮೆಂಟ್ಸ್ 1985ರಲ್ಲಿ ಬೆಂಗಳೂರಿಗೆ ಬಂದ ಮೇಲೆ ಬಹಳ ವರ್ಷ ನಾವು ಕೆಟಿ ತಗೊಳ್ಳುವ ಊರಿನವರಾಗಿದ್ದೆವು. ನಾವು ಸದಾ ತಗೊಳ್ಳುವವರೇ ಎಂಬ ಭ್ರಮೆ ಮೊದಲು ಹರಿದದ್ದು ಕಾಲ್ ಸೆಂಟರುಗಳಲ್ಲಿ. ಫೋನಿನಲ್ಲಿ ಮಾತಾಡುವ ಕೆಲಸದಲ್ಲಿ 2010ರ ಹೊತ್ತಿಗೆ ಫಿಲಿಪ್ಪೀನ್ಸ್ ಭಾರತವನ್ನು ಹಿಂದೆ ಹಾಕಿತು. ರಾತ್ರಿ ಪಾಳಿಯಲ್ಲಿ ಕ್ಯಾಬ್ ಹತ್ತಿ ಹೋಗುತ್ತಿದ್ದ ನಮ್ಮವರು ಮನಿಲಾದವರಿಗೆ ಪ್ರೊಸೆಸ್ ಕಲಿಸಿ ಕೊಟ್ಟರು. ಆಗ ಅದರ ಬಗ್ಗೆ ಯಾವ ಸೆನೆಟ್ ಸಮಿತಿಯೂ ಕೂರಲಿಲ್ಲ, ನಮ್ಮ ಪತ್ರಿಕೆಗಳೂ ಹೆಚ್ಚು ಬರೆಯಲಿಲ್ಲ. ಈಗ ಕೆಲಸ ಹೋಗುವ ದಾರಿಗಳು ಇನ್ನೂ ಹೆಚ್ಚು. ಒಂದು ಕಂಪನಿಯ ಗುತ್ತಿಗೆ ಇನ್ನೊಂದಕ್ಕೆ ಹೋಗುತ್ತದೆ. ವಿದೇಶಿ ಕಂಪನಿ ತನ್ನದೇ ಕೇಂದ್ರವನ್ನು ಹೊರವರ್ತುಲ ರಸ್ತೆಯಲ್ಲಿ ತೆರೆದು ಗುತ್ತಿಗೆದಾರರಿಂದ ಕೆಲಸ ವಾಪಸು ಪಡೆಯುತ್ತದೆ. ಪಕ್ಕದ ಕುರ್ಚಿಯಲ್ಲಿ ಮನುಷ್ಯನೇ ಇಲ್ಲದೆ, ಬರೆದುಕೊಟ್ಟ ದಾಖಲೆಯನ್ನೆಲ್ಲ ಎಐ ಓದಿಕೊಳ್ಳುತ್ತದೆ. ಕೊನೆಯದಕ್ಕೆ ಕೆಟಿ ಕೊಡುವಾಗ ಮರ್ಯಾದೆ ತೋರಿಸಬೇಕಾದ ಕಿರಿಯನೂ ಇಲ್ಲ. ಅಲ್ಲಿ ಉಳಿಯುವುದು ಆ ವ್ಯವಸ್ಥೆಯನ್ನು ನೆಚ್ಚಿಕೊಂಡ ರೋಗಿ, ಗ್ರಾಹಕರ ಋಣ ಮಾತ್ರ. ಅಷ್ಟಕ್ಕೆ ಎಷ್ಟು ಕೊಡಬೇಕೋ ಅಷ್ಟು ಕೊಟ್ಟರೆ ಸಾಕೆಂದು ನನಗೆ ತೋರುತ್ತದೆ.

ಅಮೆರಿಕದಲ್ಲಿ ಎಚ್-1ಬಿ ಮೇಲೆ ಇರುವ ಕನ್ನಡಿಗರಿಗೆ ಈ ಕೊನೆಯ ದಿನಗಳ ಲೆಕ್ಕ ಇನ್ನೂ ಬಿಗಿ. ಕೆಲಸ ಹೋದ ಮೇಲೆ ಸಾಮಾನ್ಯವಾಗಿ ಅವರಿಗಿರುವುದು ಹೆಚ್ಚೆಂದರೆ 60 ದಿನ. ಅಷ್ಟರೊಳಗೆ ಹೊಸ ಕಂಪನಿ ಅವರ ಪರವಾಗಿ ಅರ್ಜಿ ಹಾಕಬೇಕು, ಇಲ್ಲವೇ ಬೇರೆ ವೀಸಾಕ್ಕೆ ಬದಲಿಸಿಕೊಳ್ಳಬೇಕು, ಅದೂ ಆಗದಿದ್ದರೆ ಮಕ್ಕಳ ಶಾಲೆ, ಬಾಡಿಗೆ ಮನೆ, ಕಾರಿನ ಸಾಲ ಎಲ್ಲವನ್ನೂ ಮುಗಿಸಿ ವಿಮಾನ ಹತ್ತಬೇಕು. ಅಂಥವರು ಕೊನೆಯ ದಿನಾಂಕವನ್ನು ಎರಡು ವಾರ ಮುಂದಕ್ಕೆ ಹಾಕಿಸಿಕೊಳ್ಳಲು ಕೆಟಿಯನ್ನೇ ಮಾತುಕತೆಗೆ ಇಟ್ಟರೆ ತಪ್ಪೇನಿಲ್ಲ. ‘ಕಲಿಸುತ್ತೇನೆ, ಆದರೆ ಸಂಬಳಪಟ್ಟಿಯಲ್ಲಿ ಈ ದಿನದವರೆಗೆ ಹೆಸರಿರಲಿ’ ಎಂದು ಕೇಳುವುದು ವ್ಯವಹಾರ. ಪಾಸ್‌ವರ್ಡ್ ಹಿಡಿದುಕೊಂಡು ಹೆದರಿಸಿದರೆ ಮಾತ್ರ ಅದು ಬೇರೆಯಾಗುತ್ತದೆ.

ಇಲ್ಲಿ, ನಮ್ಮ ಕಚೇರಿಗಳಲ್ಲಿ, ಹೆಚ್ಚು ಹಾನಿ ಮಾಡುವುದು ಇನ್ನೊಂದು ರೂಢಿ. ಎಚ್‌ಆರ್‌ನವರು ಕೋಣೆಗೆ ಕರೆದು ‘ನೀವೇ ರಾಜೀನಾಮೆ ಕೊಟ್ಟುಬಿಡಿ ಸರ್, ನಿಮ್ಮ ದಾಖಲೆಗೂ ಒಳ್ಳೆಯದು’ ಎನ್ನುತ್ತಾರೆ. ಸಭ್ಯವಾಗಿ ನಡೆದುಕೊಳ್ಳಬೇಕೆಂಬ ಒಂದೇ ಕಾರಣಕ್ಕೆ ಜನ ಅಲ್ಲೇ ಸಹಿ ಹಾಕುತ್ತಾರೆ. ರಾಜೀನಾಮೆ ಕೊಟ್ಟವರು ತಾವಾಗಿ ಹೋದವರೆಂದು ಲೆಕ್ಕ. ಕಂಪನಿ ತೆಗೆದರೆ, ಕಾನೂನಿನ ಅರ್ಥದಲ್ಲಿ ಕಾರ್ಮಿಕರೆನಿಸಿಕೊಳ್ಳುವವರಿಗೆ ಒಂದು ತಿಂಗಳ ನೋಟಿಸ್ ಅಥವಾ ಅದರ ಸಂಬಳ, ಸೇವೆಯ ಪ್ರತಿ ವರ್ಷಕ್ಕೆ 15 ದಿನದ ಸರಾಸರಿ ವೇತನ ಕೊಡಬೇಕು. 1947ರ ಕೈಗಾರಿಕಾ ವಿವಾದ ಕಾಯ್ದೆಯಲ್ಲಿದ್ದ ಈ ಹಕ್ಕು ಅದರ ಜಾಗಕ್ಕೆ ಬಂದ ಕೈಗಾರಿಕಾ ಸಂಬಂಧ ಸಂಹಿತೆಯಲ್ಲೂ ಉಳಿದಿದೆ. ಟೀಮ್ ಲೀಡ್, ಮ್ಯಾನೇಜರ್ ಎಂಬ ಹೆಸರಿಟ್ಟ ಮಾತ್ರಕ್ಕೆ ಒಬ್ಬರು ಕಾರ್ಮಿಕರಲ್ಲವೆಂದು ಆಗುವುದಿಲ್ಲ. ನಿಜಕ್ಕೂ ಮಾಡುವ ಕೆಲಸ ಯಾವುದು ಎಂಬುದನ್ನು ನೋಡಬೇಕಾಗುತ್ತದೆ. ಐದು ವರ್ಷ ಪೂರೈಸಿದವರ ಗ್ರಾಚ್ಯುಯಿಟಿ, ರಾಜೀನಾಮೆ ಕೊಟ್ಟರೂ ಹೀಗೆ ತೆಗೆದುಹಾಕಿದರೂ, ಅವರದೇ. ಆದ್ದರಿಂದ ಆ ಕೋಣೆಯಲ್ಲಿ ಹೇಳಬೇಕಾದ ಮಾತು ಒಂದೇ, ಅದನ್ನು ದನಿ ಏರಿಸದೆಯೇ ಹೇಳಬಹುದು: ‘ಪತ್ರ ಕೊಡಿ, ಮನೆಗೆ ಒಯ್ದು ಓದಿ ನಾಳೆ ಉತ್ತರಿಸುತ್ತೇನೆ.’ ರಾಜೀನಾಮೆ ಕೇಳುವ ಕಂಪನಿಗೆ ವಕೀಲರಿದ್ದಾರೆ. 2017ರಿಂದ ಕರ್ನಾಟಕದ ಐಟಿ ನೌಕರರಿಗೂ ಕೆಐಟಿಯು ಎಂಬ ಸಂಘಟನೆ ಇದೆ. ಸಂಘದ ಮೆಟ್ಟಿಲು ಹತ್ತಿದರೆ ಹೆಸರು ಕೆಡುತ್ತದೆಂಬ ಹೆದರಿಕೆ ನಮ್ಮ ಎಂಜಿನಿಯರುಗಳಲ್ಲಿ ಬಲವಾಗಿದೆ. ಡಾಕ್ಟರುಗಳಿಗೆ, ವಕೀಲರಿಗೆ, ಬ್ಯಾಂಕಿನವರಿಗೆ ಸಂಘ ಇದ್ದೂ ಹೆಸರು ಕೆಟ್ಟಿಲ್ಲ.

ಕೊನೆಯ ವಾರಕ್ಕೆ ಬೇಕಾಗುವ ತಯಾರಿಯನ್ನು ಮೊದಲ ವಾರದಲ್ಲೇ ಮಾಡಿಟ್ಟುಕೊಳ್ಳುವುದು ವಾಸಿ. ಸಂಬಳದ ಚೀಟಿಗಳು, ಫಾರ್ಮ್ 16, ನೇಮಕಾತಿ ಪತ್ರ, ವರ್ಷವರ್ಷದ ಮೌಲ್ಯಮಾಪನ ಇವು ನಿಮ್ಮವು; ಲಾಗಿನ್ ಇರುವಾಗಲೇ ಇಳಿಸಿಕೊಳ್ಳಬೇಕು. ಕೋಡು, ಗ್ರಾಹಕರ ಪಟ್ಟಿ, ವಿನ್ಯಾಸದ ದಾಖಲೆಗಳು ನಿಮ್ಮವಲ್ಲ; ನೀವೇ ಬರೆದಿದ್ದರೂ ಅಲ್ಲ. ಪೆನ್ ಡ್ರೈವ್‌ಗೆ ಹಾಕಿಕೊಂಡರೆ ಕಂಪನಿಯ ಕೈಗೆ ನೀವೇ ಕೋಲು ಕೊಟ್ಟ ಹಾಗೆ. ಕೊಟ್ಟ ಕೆಟಿ ಸೆಶನ್‌ಗಳ ದಿನಾಂಕ, ವಿಷಯ, ಬಂದವರ ಹೆಸರುಗಳನ್ನು ಮೇಲ್‌ನಲ್ಲಿ ದಾಖಲಿಸುತ್ತ ಹೋಗಬೇಕು, ಯಾಕೆಂದರೆ ಮುಂದೆ ಏನಾದರೂ ಕೆಟ್ಟರೆ ಮೊದಲು ಹೊರಬರುವ ಮಾತು ‘ಹೋದವರು ಸರಿಯಾಗಿ ಹೇಳಿಕೊಡಲಿಲ್ಲ’ ಎಂಬುದೇ. ಹೋದ ಮೇಲೆ ಹಳೆಯ ಟೀಮಿನಿಂದ ಫೋನ್ ಬರುತ್ತದೆ. ಒಂದೆರಡು ಸಲ ಸ್ನೇಹಕ್ಕೆ ಉತ್ತರಿಸಿ. ಮೂರನೆಯ ಸಲಕ್ಕೆ ಗಂಟೆಗೆ ಇಷ್ಟು ಎಂದು ಕನ್ಸಲ್ಟಿಂಗ್ ದರ ತಿಳಿಸಬಹುದು, ಸಂಕೋಚ ಬೇಡ.

ಮುಂದಿನ ಸಂದರ್ಶನದಲ್ಲಿ ಹಿಂದಿನ ಕೆಲಸ ಯಾಕೆ ಬಿಟ್ಟಿರಿ ಎಂದು ಕೇಳಿಯೇ ಕೇಳುತ್ತಾರೆ. ಜನ ಇಲ್ಲಿ ತಡವರಿಸುತ್ತಾರೆ, ‘ಹೊಸ ಸವಾಲು ಬೇಕಿತ್ತು’ ಎಂದು ಏನೋ ಹೆಣೆಯುತ್ತಾರೆ, ಎದುರಿಗಿರುವವರಿಗೆ ಅದು ಕೂಡಲೇ ತಿಳಿಯುತ್ತದೆ. ನೇರವಾಗಿ ಹೇಳುವುದೇ ಮೇಲು: ನಮ್ಮ ವಿಭಾಗವನ್ನು ಹೊರಗುತ್ತಿಗೆಗೆ ಕೊಟ್ಟರು, ಮೂರು ತಿಂಗಳು ಕೂತು ನಾನೇ ಕೆಟಿ ಕೊಟ್ಟೆ, ಇಂತಿಷ್ಟು ಅಪ್ಲಿಕೇಶನ್ ಒಪ್ಪಿಸಿದೆ, ನಾನು ಬಿಟ್ಟ ಮೇಲೂ ಅವು ನಡೆಯುತ್ತಿವೆ. ಕೇಳುತ್ತಿರುವ ಮ್ಯಾನೇಜರ್ ಬೆಂಗಳೂರಿನವರೇ ಆಗಿದ್ದರೆ ಹಿಂದೊಮ್ಮೆ ಯಾರಿಂದಲೋ ಹಾಗೆ ಕೆಟಿ ತಗೊಂಡಿರುತ್ತಾರೆ. ಮುಂದಿನ ಪ್ರಶ್ನೆ ಬಹುಶಃ ಅದರ ಬಗ್ಗೆಯೇ ಇರುತ್ತದೆ.